ಸಾಹೇಬರ ಹೆಸರಿಗೊಂದು ಏಡಿ

ಏಡಿ ತುಂಬಿದ ಬಕೆಟ್ ಹಿಡಿದುಕೊಂಡು ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ ಇಳಿಯುವ ಹೆಂಗಸಿಗೆ ಒಂದಲ್ಲ ಒಂದು ಪ್ರಸಂಗ ಆಗುತ್ತಲೇ ಇರುತ್ತದೆ. ನಾನು ಹುಡುಕಿಕೊಂಡು ಹೋಗುವುದು ಏಡಿಗಳನ್ನು. ನನ್ನನ್ನು ಹುಡುಕಿಕೊಂಡು ಬರುವುದು ಮಾತ್ರ ಮನುಷ್ಯರು. ಎರಡರಲ್ಲಿ ಏಡಿಗಳೇ ವಾಸಿ. ಅವು ಕಚ್ಚುವ ಮುಂಚೆ ಕೈ ಎತ್ತಿ ತೋರಿಸುತ್ತವೆ.

ನಾನು ಇಲ್ಲಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಅದರ ಜೊತೆಗೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕಿನ ಕೆರೆ, ಗದ್ದೆ, ತೋಟದ ಕಾಲುವೆಗಳಲ್ಲಿ ಏಡಿ ಹಿಡಿದು, ಯಾವುದು ಯಾವ ಪ್ರಭೇದ ಎಂದು ವಿಂಗಡಿಸಿ, ಪಿಎಚ್.ಡಿ. ಪ್ರಬಂಧ ಬರೆದೆ. ಬರೆಯುವುದೇನೋ ಮುಗಿದಿತ್ತು. ಬೀಳದೆ ಉಳಿದಿದ್ದದ್ದು ಒಂದೇ, ಗೈಡ್ ಸಹಿ.

ಗೈಡ್ ಅಂದರೆ ನಮ್ಮ ವಿಭಾಗದ ಮುಖ್ಯಸ್ಥರು. ಇಡೀ ಕಾಲೇಜು ಅವರನ್ನು ಸಾಹೇಬರು ಎನ್ನುತ್ತದೆ. ನಿವೃತ್ತಿ ಹತ್ತಿರ ಬಂದಂತೆ ಅವರಿಗೆ ಒಂದು ಆಸೆ ಹತ್ತಿಕೊಂಡಿತು. ಲೋಕದಲ್ಲಿ ಯಾವುದಾದರೂ ಒಂದು ಏಡಿಗೆ ತಮ್ಮ ಹೆಸರು ಇರಬೇಕು. ಹೊಸ ಪ್ರಭೇದ ಕಂಡುಹಿಡಿದವರು ಅದಕ್ಕೆ ತಮ್ಮ ಹೆಸರನ್ನೇ ಇಟ್ಟುಕೊಳ್ಳುವುದು ನಮ್ಮ ಶಾಸ್ತ್ರದಲ್ಲಿ ಮರ್ಯಾದೆಯಲ್ಲ, ಬೇರೆಯವರು ಇಡಬೇಕು. ಆ ಬೇರೆಯವಳಾಗಿ ನಾನು ಸಿಕ್ಕಿದ್ದೆ.

"ಒಂದು ಹೊಸ ಏಡಿ ಹುಡುಕಮ್ಮ. ನನ್ನ ಹೆಸರಿಡು. ಅವತ್ತೇ ಸಹಿ ಹಾಕ್ತೀನಿ" ಎಂದರು.

ಅವರು ನಿವೃತ್ತರಾಗುವುದರೊಳಗೆ ಸಹಿ ಬೀಳದಿದ್ದರೆ ಹೊಸ ಗೈಡ್, ಹೊಸ ನೋಂದಣಿ, ಮತ್ತೆ ಮೊದಲಿನಿಂದ ಮೊಣಕಾಲುದ್ದ ಕೆಸರು. ಇದು ನಮ್ಮ ಏಡಿಗಳಿಗೆ ಅರ್ಥವಾಗಬೇಕಲ್ಲ? ನಾನು ಎತ್ತಿದ್ದೆಲ್ಲ ಯಾರೋ ಪುಣ್ಯಾತ್ಮರು ಯಾವತ್ತೋ ಹೆಸರಿಟ್ಟು ಮುಗಿಸಿದ್ದ ಹಳೆಯ ಏಡಿಗಳೇ.

ವರಾನ್ವೇಷಣೆ

ಏಡಿಯ ಪ್ರಭೇದವನ್ನು ಬಣ್ಣ ನೋಡಿ ಹೇಳಲಾಗುವುದಿಲ್ಲ. ಎಲ್ಲದಕ್ಕೂ ಅದು ಕೂತ ಕೆಸರಿನದೇ ಬಣ್ಣ. ಗಾತ್ರ ನೋಡಿಯೂ ಆಗುವುದಿಲ್ಲ. ನಂಬಬಹುದಾದ ಗುರುತು ಒಂದೇ. ಗಂಡು ಏಡಿಯನ್ನು ಅಂಗಾತ ಮಲಗಿಸಿ, ಹೊಟ್ಟೆಯ ಮೇಲಿನ ಮುಚ್ಚಳ ಎತ್ತಿ, ಅದರಡಿ ಇರುವ ಸಣ್ಣ ಕಡ್ಡಿಯಂಥ ಅಂಗದ ತುದಿ ನೇರವೋ ಡೊಂಕೋ ಎಂದು ಮಸೂರದಲ್ಲಿ ನೋಡಬೇಕು. ಅದು ಯಾವ ಅಂಗ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಕಿಬ್ಬನಹಳ್ಳಿಯ ನನ್ನ ಸೋದರಮಾವ ಒಂದು ಭಾನುವಾರ ಗಂಡಿನ ಕಡೆಯವರನ್ನು ಕರೆತಂದರು. ಉಪ್ಪಿಟ್ಟು ಬಂತು. ಹುಡುಗನ ತಾಯಿ ಕೇಳಿದರು:

"ಹುಡುಗಿ ಏನೋ ರಿಸರ್ಚು ಮಾಡ್ತಾಳಂತಲ್ಲ?"

ಮಾವನಿಗೆ ನನ್ನ ವಿಷಯದಲ್ಲಿ ಹೆಮ್ಮೆ ಬಹಳ, ತಿಳಿವಳಿಕೆ ಕಡಿಮೆ. "ಏಡಿಕಾಯಿ ಕಣಮ್ಮ! ಯಾವ್ದೇ ಏಡಿಕಾಯಿ ತಂದು ಮುಂದಿಡಿ, ಇದಿಂಥದ್ದು ಅಂತ ಹೇಳ್ಬುಡ್ತಾಳೆ."

"ಅದೆಂಗೆ ಗೊತ್ತಾಗ್ತದೆ?"

ಮಾವ ನನ್ನ ಮುಖ ನೋಡಿದರು. ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ಮೇಷ್ಟರ ಬುದ್ಧಿ. ತರಗತಿಯಲ್ಲಿ ಹೇಳುವಷ್ಟೇ ವಿವರವಾಗಿ ಹೇಳಿದೆ, ಬೆರಳಿನಲ್ಲಿ ಡೊಂಕನ್ನೂ ತೋರಿಸಿದೆ.

ಉಪ್ಪಿಟ್ಟಿನ ಚಮಚಗಳು ನಿಂತವು. ಹುಡುಗನ ತಂದೆ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವತ್ತು ಎಂದು ಹುಡುಕತೊಡಗಿದರು. ಹುಡುಗ ನಿಧಾನವಾಗಿ ಎರಡೂ ಮೊಣಕಾಲು ಕೂಡಿಸಿ, ಉಪ್ಪಿಟ್ಟಿನ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಭದ್ರವಾಗಿ ಹಿಡಿದ. ಅವರು ಎದ್ದು ಹೊರಡುವವರೆಗೆ ಆ ತಟ್ಟೆ ಅಲ್ಲಿಂದ ಕದಲಲಿಲ್ಲ.

ಸಂಜೆ ಮಾವನಿಗೆ ಫೋನ್ ಬಂತು. "ಹುಡುಗಿ ಚೆನ್ನಾಗವ್ಳೆ ಕಣಪ್ಪ, ಓದವ್ಳೆ, ಎಲ್ಲಾ ಸರಿ. ಆದ್ರೆ ನಮ್ ಹುಡುಗ ಅವಳ ಎದುರಿಗೆ ಕೂತ್ಕಳಕ್ಕಾಗಲ್ಲ ಅಂತಾನೆ."

ಒಂದು ಮಸೂರಕ್ಕೆ ಹೆದರುವ ಗಂಡು ನನಗೂ ಬೇಕಿರಲಿಲ್ಲ, ಬಿಡಿ. ಆದರೆ ಆ ತಟ್ಟೆಯಲ್ಲಿದ್ದ ಉಪ್ಪಿಟ್ಟನ್ನು ನಮ್ಮ ಮನೆಯಲ್ಲಿ ಯಾರೂ ಮುಟ್ಟಲಿಲ್ಲ.

ಬೆಳೆಯುವ ವಯಸ್ಸು

ಸಣ್ಣ ಹಳ್ಳಗಳಲ್ಲಿ ಏಡಿ ಹಿಡಿಯಲು ಕೈಬಲೆ ಬೇಕು. ಕೋಲಿನ ತುದಿಗೆ ಒಂದು ಕಬ್ಬಿಣದ ಬಳೆ, ಬಳೆಗೆ ನೈಲಾನ್ ಬಲೆಯ ಚೀಲ. ಆ ಚೀಲ ಹೊಲಿಸಲು ನಮ್ಮ ಬೀದಿಯ ಟೈಲರ್ ಅಂಗಡಿಗೆ ಹೋದೆ. ಅಂಗಡಿಯ ಭಾಯ್ ಮೂರು ತಲೆಮಾರಿನ ಟೈಲರ್ ಮನೆತನದವರು.

"ಯಾರಿಗೆ ಮೇಡಂ?"

"ಏಡಿಗೆ ಭಾಯ್."

ಅವರು ಹುಬ್ಬು ಕೂಡ ಅಲ್ಲಾಡಿಸಲಿಲ್ಲ. "ಅಳತೆ ತಂದ್ರಾ?"

"ಅಳತೆ ಯಾಕೆ? ಒಂದು ಚೀಲ ಅಷ್ಟೆ."

"ಅಳತೆ ಇಲ್ದೆ ಕತ್ರಿ ಹಾಕೋನಲ್ಲ ಮೇಡಂ ನಾನು. ಆಮೇಲೆ ಬಿಗಿ ಆಯ್ತು, ಸಡ್ಲ ಆಯ್ತು ಅಂತ ನೀವೇ ವಾಪಸ್ ತರ್ತೀರ."

ಇಷ್ಟು ವರ್ಷದಲ್ಲಿ ನನ್ನ ಒಂದೇ ಒಂದು ರವಿಕೆಯನ್ನೂ ಅಳತೆಗೆ ಹೊಲಿಯದ ಮನುಷ್ಯ ಏಡಿಯ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟು! ದೊಡ್ಡ ಏಡಿ ನನ್ನ ಅಂಗೈಯಷ್ಟು ಇರುತ್ತದೆ ಎಂದೆ. ಟೇಪು ತೆಗೆದು ನನ್ನ ಅಂಗೈ ಅಳೆದರು. ಮತ್ತೂ ಯೋಚಿಸಿ, "ಕೈ ಉದ್ದ ಎಷ್ಟಿರ್ತದೆ? ಫುಲ್ಲಾ, ಹಾಫಾ?" ಎಂದರು. ನಾನು ಬಲೆಯ ಬಟ್ಟೆಯನ್ನು ಅವರ ಮೇಜಿನ ಮೇಲಿಟ್ಟು ಬಂದೆ.

ಆಮೇಲೆ ಎಂದಿನಂತೆ ನಡೆಯಿತು. ಇವತ್ತು ಗುಂಡಿ ಹೊಲಿಯುವವನು ಬಂದಿಲ್ಲ, ನಾಳೆ ಕರೆಂಟಿಲ್ಲ, ನಾಡಿದ್ದು ಹಬ್ಬದ ಗಿರಾಕಿ. "ಫಿಕರ್ ಮಾಡ್ಬೇಡಿ ಮೇಡಂ, ಏಡಿ ಎಲ್ಲಿ ಹೋಗ್ತದೆ?" ಏಡಿ ಎಲ್ಲಿಗೂ ಹೋಗಲಿಲ್ಲ, ಹಳ್ಳದ ನೀರು ಹೋಯಿತು.

ಕೊನೆಗೆ ಕೈಗೆ ಬಂದ ಚೀಲವನ್ನು ಬಿಡಿಸಿ ಹಿಡಿದೆ. ಅದರೊಳಗೆ ಒಂದು ಕುರಿ ಆರಾಮಾಗಿ ಹಿಡಿಸುತ್ತಿತ್ತು.

"ಇದೇನು ಭಾಯ್, ನನ್ನ ಅಂಗೈ ಅಳೆದ್ರಲ್ಲ?"

"ಬೆಳೆಯೋ ವಯಸ್ಸಲ್ವಾ ಮೇಡಂ. ಒಳಗೆ ಬಟ್ಟೇನೂ ಬಿಟ್ಟಿದೀನಿ. ಮುಂದಿನ ವರ್ಷ ಬಿಚ್ಚಿ ಇನ್ನೂ ದೊಡ್ದು ಮಾಡ್ಕೊಡ್ತೀನಿ."

ಅಟ್ಟ ಹತ್ತಿದ ಏಡಿ

ತುರುವೇಕೆರೆ ಕಡೆ ಒಬ್ಬ ದೊಡ್ಡ ತೋಟದ ಯಜಮಾನರಿದ್ದಾರೆ. ತಮಗೆ ಗೊತ್ತಿಲ್ಲದ್ದು ಲೋಕದಲ್ಲಿ ಇಲ್ಲ ಎಂದು ನಂಬಿದವರು. ಅವರ ತೋಟದ ಕಾಲುವೆಯಲ್ಲಿ ಒಳ್ಳೆಯ ಗಾತ್ರದ ಏಡಿಗಳು ಬರುತ್ತಿದ್ದವು. ನನಗೆ ಪರೀಕ್ಷಾ ಕೆಲಸ ಇದ್ದದ್ದರಿಂದ ಒಂದು ಅಗಲ ಬಾಯಿಯ ಬಾಟಲಿಯಲ್ಲಿ ಸ್ಪಿರಿಟ್ ತುಂಬಿ ಅವರ ಕೈಗೆ ಕೊಟ್ಟೆ. "ಸಿಕ್ಕಿದ ಏಡಿಯನ್ನು ಇದರಲ್ಲಿ ಹಾಕಿಡಿ. ಕೆಡುವುದಿಲ್ಲ. ಮುಂದಿನ ತಿಂಗಳು ಬರ್ತೀನಿ" ಎಂದೆ.

ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ ನಕ್ಕರು. "ಕೆಡದಂಗೆ ಇಡೋದು ನಮಗೆ ಹೇಳ್ಕೊಡ್ತೀರಾ ಮೇಡಂ?"

ಮುಂದಿನ ತಿಂಗಳು ಹೋದರೆ, ಕಾಫಿ ಕೊಟ್ಟು, ಏಣಿ ತೋರಿಸಿದರು. ನಮ್ಮ ಸೀಮೆಯಲ್ಲಿ ತೆಂಗಿನಕಾಯಿ ಕೊಬ್ಬರಿಯಾಗುವುದು ಅಟ್ಟದ ಮೇಲೆ. ಸಿಪ್ಪೆ ಸಮೇತ ಕಾಯಿ ಪೇರಿಸಿ ಬಿಟ್ಟರೆ ತಿಂಗಳುಗಟ್ಟಲೆ ಅಲ್ಲೇ ಒಣಗಿ, ಒಳಗಿನ ಕೊಬ್ಬರಿ ಉಂಡೆಯಾಗಿ ಚಿಪ್ಪು ಬಿಡುತ್ತದೆ. ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಆ ಕಾಯಿರಾಶಿಯ ನಡುವೆ ತೊಲೆಯಿಂದ ತೊಲೆಗೆ ಬಾಳೆನಾರು ಕಟ್ಟಿ, ನನ್ನ ಏಡಿಗಳನ್ನು ತೋರಣದ ಹಾಗೆ ತೂಗಿಹಾಕಿದ್ದರು. ಕಾಲುಗಳನ್ನು ಇಲಿ ತಿಂದಿತ್ತು, ಒಳಗಿನದನ್ನು ಇರುವೆ ತಿಂದಿತ್ತು, ಉಳಿದದ್ದಕ್ಕೆ ಹುಳು ಹತ್ತಿತ್ತು. ನನಗೆ ಬೇಕಾದ ಹೊಟ್ಟೆಯ ಮುಚ್ಚಳ ಒಂದಕ್ಕೂ ಇರಲಿಲ್ಲ. ವಾಸನೆಯಂತೂ ಹೇಳಬಾರದು.

"ಸ್ಪಿರಿಟ್ ಏನಾಯ್ತು?"

"ಅದನ್ನ ನಮ್ಮವ್ವ ಮಂಡಿಗೆ ಹಚ್ಕೊಂಡ್ಲು. ಬಾಳ ಚೆನ್ನಾಗದೆ ಮೇಡಂ. ಇನ್ನೊಂದು ಬಾಟ್ಲಿ ತಂದಿದೀರಾ?"

ನನಗೆ ತಡೆಯಲಾಗಲಿಲ್ಲ. "ಯಜಮಾನ್ರೇ, ಇಷ್ಟೂ ಏಡಿ ಹಾಳು ಮಾಡಿದೀರಲ್ಲ!"

ಅವರಿಗೆ ಸಿಟ್ಟು ಬರಲಿಲ್ಲ. ಓದಿದವರಿಗೆ ತಾಳ್ಮೆ ಇರುವುದಿಲ್ಲ ಎಂದು ಅವರಿಗೆ ಮೊದಲೇ ಗೊತ್ತಿತ್ತು. "ನೀವು ಅವಸ್ರ ಮಾಡ್ಕೊಂಡು ಬಂದ್ಬುಟ್ರಿ ಮೇಡಂ. ಕಾಯಿ ಕೊಬ್ರಿ ಆಗಕ್ಕೇ ಹತ್ತತ್ರ ಒಂದು ವರ್ಷ ಬೇಕು. ಏಡಿಕಾಯಿಗೆ ಒಂದು ತಿಂಗ್ಳಿಗೇ ಏಣಿ ಹತ್ತಿದ್ರೆ ಹೆಂಗೆ? ಲೊಡಲೊಡ ಅಂದಾಗ ನಾನೇ ಫೋನ್ ಮಾಡ್ತೀನಿ, ಹೋಗಿ."

ದಾಳಿಂಬೆ ಹೂವಿನ ಕೆಂಪು

ಹುಳಿಯಾರು ಕಡೆಯ ವಿದ್ಯಾರ್ಥಿನಿಯೊಬ್ಬಳು ತಮ್ಮೂರ ಕಟ್ಟೆಯಲ್ಲಿ ಸಿಕ್ಕ ಏಡಿಯೊಂದನ್ನು ಸ್ಟೀಲ್ ಡಬ್ಬಿಯಲ್ಲಿ ತಂದಿದ್ದಳು. ಬಂದವಳೇ ಲ್ಯಾಬಿನ ಮೇಜಿನ ಮೇಲೆ ಬ್ಯಾಗಿಟ್ಟು, ಡಬ್ಬಿ ತೆಗೆದಿಟ್ಟು, ಕೈ ತೊಳೆಯಲು ಹೋದಳು. ಅಷ್ಟರಲ್ಲಿ ಸಾಹೇಬರು ಬಂದು ಮುಚ್ಚಳ ತೆಗೆದರು.

"ಅಮ್ಮಾ!" ಎಂದು ಕೂಗಿದರು. "ಬಾ ಇಲ್ಲಿ! ಸಿಕ್ತು!"

ಓಡಿ ಹೋಗಿ ನೋಡಿದೆ. ಡಬ್ಬಿಯೊಳಗೆ ಒಂದು ಏಡಿ, ಕೆಂಡದಂಥ ಕೆಂಪು. ನನಗೆ ನೋಡುವ ಮುಂಚೆ ವಾಸನೆಯಲ್ಲೇ ಗೊತ್ತಾಯಿತು. ಆದರೆ ಸಾಹೇಬರ ಕಣ್ಣಲ್ಲಿ ನೀರಾಡುತ್ತಿತ್ತು. ಅವರ ಮನೆಯಲ್ಲಿ ಮೊಟ್ಟೆಯನ್ನೂ ಒಳಗೆ ಬಿಡುವುದಿಲ್ಲ. ಏಡಿಯನ್ನು ಅವರು ಕಂಡದ್ದು ಪಠ್ಯಪುಸ್ತಕದ ಕಪ್ಪುಬಿಳುಪು ಚಿತ್ರದಲ್ಲಿ ಮತ್ತು ನಮ್ಮ ಬಾಟಲಿಗಳ ಸ್ಪಿರಿಟ್ಟಿನಲ್ಲಿ. ಬೆಂದ ಏಡಿ ಕೆಂಪಾಗುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳಿದರೆ ಸಹಿ ಹೋಗುತ್ತದೆ. ಪೆನ್ನು, ಹಾಳೆ ತೆಗೆದುಕೊಂಡೆ.

"ಬರ್ಕೋ, ಬರ್ಕೋ" ಎಂದು ಮಸೂರ ಹಿಡಿದು ಹೇಳತೊಡಗಿದರು. "ಬಣ್ಣ, ದಾಳಿಂಬೆ ಹೂವಿನ ಕೆಂಪು. ಬೆನ್ನಿನ ಮೇಲೆ ಅಲ್ಲಲ್ಲಿ ಅರಿಸಿನ ಛಾಯೆ. ಮೈಮೇಲೆ ತೆಳುವಾದ ಜಿಡ್ಡು, ಬಹುಶಃ ನೀರಿನಿಂದ ರಕ್ಷಣೆಗೆ. ಕಾಲಿನ ಸಂದಿಗಳಲ್ಲಿ..." ಎಂದು ಇನ್ನಷ್ಟು ಬಗ್ಗಿದರು. "ಕಾಲಿನ ಸಂದಿಗಳಲ್ಲಿ ಸಣ್ಣ ಕಪ್ಪು ಗುಂಡನೆಯ ಪರೋಪಜೀವಿಗಳು. ಅರೆ, ಇವೂ ಹೊಸವೇ ಇರಬೇಕು ಕಣಮ್ಮ! ಇವಕ್ಕೂ ಹೆಸರಿಡೋಣ."

ಆ ಹುಡುಗಿ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. "ಸಾರ್..."

"ನೀನು ಸುಮ್ನಿರು. ಇದು ಎಂಥ ದೊಡ್ಡ ವಿಷಯ ಅಂತ ನಿನಗೆ ಗೊತ್ತಿಲ್ಲ. ಆ ಪರೋಪಜೀವಿಗೆ ನಿನ್ನ ಹೆಸರೇ ಇಡ್ತೀನಿ."

"ಅದು ಸಾಸಿವೆ ಸಾರ್. ಇದು ನನ್ನ ಊಟದ ಡಬ್ಬಿ. ಏಡಿ ಇನ್ನೂ ಬ್ಯಾಗಲ್ಲೇ ಐತೆ."

ವೇದಿಕೆಯ ಮೇಲೆ

ನಿವೃತ್ತಿಯ ತಿಂಗಳು ಬಂತು. ಸಾಹೇಬರು ಇನ್ನು ನನ್ನನ್ನು ನಂಬಿದರೆ ಆಗದು ಎಂದು ತೀರ್ಮಾನಿಸಿದರು. ಒಂದು ದಿನ ಸ್ನೇಹಿತರ ಅಡಕೆ ತೋಟಕ್ಕೆ ಊಟಕ್ಕೆ ಹೋದವರು ಕರ್ಚೀಫಿನಲ್ಲಿ ಏನನ್ನೋ ಕಟ್ಟಿಕೊಂಡು ಬಂದು, ನನ್ನ ಮೇಜಿನ ಮೇಲೆ ದೇವರ ಪ್ರಸಾದದ ಹಾಗೆ ಬಿಚ್ಚಿದರು.

"ನೋಡು. ಬಣ್ಣವೇ ಬೇರೆ. ಹಗುರ ನೋಡು, ಗಾಳಿ! ಇಂಥ ಏಡಿ ಯಾವ ಪುಸ್ತಕದಲ್ಲೂ ಇಲ್ಲ."

ಪುಸ್ತಕದಲ್ಲಿ ಅದು ಇತ್ತು, ಅವರೇ ಪ್ರತಿವರ್ಷ ಮಾಡುವ ಪಾಠದಲ್ಲಿ ಇತ್ತು. ಏಡಿ ಬೆಳೆಯುವಾಗ ಹಳೆಯ ಚಿಪ್ಪು ಸಾಲದೆ ಬರುತ್ತದೆ. ಆಗ ಅದು ಹಿಂದಿನಿಂದ ನುಸುಳಿ ಹೊರಬಂದು, ಕೈಕಾಲು ಕಣ್ಣಿನ ಮುಚ್ಚಳ ಸಮೇತ ಇಡೀ ಚಿಪ್ಪನ್ನು ಬಿಟ್ಟು ಹೋಗುತ್ತದೆ. ಹಾವು ಪೊರೆ ಬಿಟ್ಟ ಹಾಗೆ. ನೋಡಿದವರಿಗೆ ಪೂರ್ತಿ ಏಡಿ ಕೂತಂತೆಯೇ ಕಾಣುತ್ತದೆ.

"ಸಾರ್, ಇದು ಪೊರೆ. ಹೊಟ್ಟೆ ಮುಚ್ಚಳ ಎತ್ತಿ ನೋಡಿದ್ರೆ..."

"ಮುಟ್ಟಬೇಡ!" ಎಂದು ಕರ್ಚೀಫನ್ನು ಎಳೆದುಕೊಂಡರು. "ನೀನು ಗೈಡಾ, ನಾನು ಗೈಡಾ? ನೀನು ಹುಟ್ಟೋಕೆ ಮುಂಚಿಂದ ಪಾಠ ಮಾಡ್ತಿದೀನಿ. ನನ್ನ ಬೀಳ್ಕೊಡುಗೆ ದಿನ ಇದರ ವಿವರ ಒಂದು ಹಾಳೇಲಿ ಬರ್ಕೊಂಡು ಬಂದು, ವೇದಿಕೆ ಮೇಲೆ ಓದು. ಮೇಲ್ಗಡೆ ದಪ್ಪಕ್ಷರದಲ್ಲಿ ನನ್ನ ಹೆಸರಿರಲಿ. ಓದಿ ಮುಗಿಸಿದ ತಕ್ಷಣ ಎಲ್ಲರ ಎದುರಿಗೇ ಸಹಿ."

ಓದಿದರೆ ನಾಡಿನ ಏಡಿಶಾಸ್ತ್ರಜ್ಞರೆಲ್ಲ ನನ್ನ ಮುಖ ನೋಡಿ ನಗುತ್ತಾರೆ. ಓದದಿದ್ದರೆ ಸಹಿಯಿಲ್ಲ. ಅವತ್ತು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕೂತು ಬರೆದೆ. ಮೇಲೆ ದಪ್ಪಕ್ಷರದಲ್ಲಿ ಅವರ ಹೆಸರು ಹಾಕಿದೆ, ಕೆಳಗೆ ಕಂಡದ್ದನ್ನು ಕಂಡಂತೆ ಬರೆದೆ. ಒಂದಕ್ಷರ ಸುಳ್ಳಿಲ್ಲ.

ಬೀಳ್ಕೊಡುಗೆಯ ದಿನ ಸಭಾಂಗಣ ತುಂಬಿತ್ತು. ಮೈಸೂರು ಪೇಟ ಬಂತು, ಶಾಲು ಬಂತು, ಗಂಧದ ಹಾರ ಬಂತು. ಮೇಜಿನ ಮೇಲೆ ಕೆಂಪು ಮಖಮಲ್ಲು, ಅದರ ಮೇಲೆ ಬೆಳ್ಳಿ ತಟ್ಟೆ, ತಟ್ಟೆಯಲ್ಲಿ ಆ ಪೊರೆ. ಪಕ್ಕದಲ್ಲಿ ರಿಬ್ಬನ್ ಕಟ್ಟಿದ ನನ್ನ ಪ್ರಬಂಧದ ಪ್ರತಿಗಳು, ಸಹಿಯ ಪುಟ ತೆರೆದಿಟ್ಟು. ಮುಖ್ಯ ಅತಿಥಿಗಳು ಕೊಬ್ಬರಿ ಮಂಡಿ ಸಾಹುಕಾರರು. ಕಾಲೇಜಿಗೆ ಕುರ್ಚಿ ಕೊಡಿಸಿದವರು, ಹಾಗಾಗಿ ಕಾಲೇಜಿನ ಯಾವ ಸಮಾರಂಭದಲ್ಲೂ ಕುರ್ಚಿ ಬಿಟ್ಟವರಲ್ಲ. ಅವರು ಭಾಷಣಕ್ಕೆ ಎದ್ದರು.

"ಇವತ್ತು ನಮ್ ತಿಪಟೂರಿಗೆ ಬಾಳ ಹೆಮ್ಮೆಯ ದಿನ. ನಮ್ ಸಾಹೇಬ್ರು ಇಡೀ ಪ್ರಪಂಚದಲ್ಲಿಲ್ಲದ ಏಡಿ ಕಂಡುಹಿಡಿದವ್ರೆ" ಎನ್ನುತ್ತ ತಟ್ಟೆಯಿಂದ ಪೊರೆಯನ್ನು ಎತ್ತಿ ಸಭೆಗೆ ತೋರಿಸಿದರು. ಚಪ್ಪಾಳೆ ಬಿತ್ತು. ಫೋನುಗಳು ಮೇಲೆದ್ದವು.

ಚಪ್ಪಾಳೆ ನಿಲ್ಲುವವರೆಗೆ ಕೈ ಸುಮ್ಮನಿರಬೇಕಲ್ಲ? ಹುಟ್ಟಿದಾಗಿನಿಂದ ಕಾಯಿ ಹಿಡಿದ ಕೈ. ತಾನಾಗಿಯೇ ಪೊರೆಯನ್ನು ಕಿವಿಯ ಹತ್ತಿರ ಒಯ್ದು ಅಲ್ಲಾಡಿಸಿತು. ಸಾಹುಕಾರರ ಮುಖ ಗಂಭೀರವಾಯಿತು. ಇನ್ನೊಂದು ಕಿವಿಗೆ ಹಿಡಿದು ಇನ್ನೂ ಜೋರಾಗಿ ಅಲ್ಲಾಡಿಸಿದರು. ಆಮೇಲೆ, ಮಂಡಿಯಲ್ಲಿ ರೈತನಿಗೆ ಹೇಳುವ ಧಾಟಿಯಲ್ಲೇ, ಮೈಕಿನ ಮುಂದೆ ನಿಂತು ಹೇಳಿದರು:

"ಗೊಡ್ಡು ಕಣ್ರೀ ಇದು. ಒಳಗೆ ಏನೂ ಇಲ್ಲ."

ಫೋನುಗಳು ಇನ್ನಷ್ಟು ಮೇಲಕ್ಕೆ ಹೋದವು. ಸಾಹುಕಾರರಿಗೆ ಅನುಮಾನ ಪೂರ್ತಿ ಬಗೆಹರಿಯಲಿಲ್ಲ ಎಂದು ಕಾಣುತ್ತದೆ, ಹೆಬ್ಬೆರಳಿನಿಂದ ಒತ್ತಿ ನೋಡಿದರು. ಚರ್ ಎಂದು ಸದ್ದಾಯಿತು. ಪ್ರಪಂಚದಲ್ಲಿಲ್ಲದ ಏಡಿ ಪುಡಿಪುಡಿಯಾಗಿ ಸಾಹೇಬರ ಪೇಟದ ಮೇಲೂ ಶಾಲಿನ ಮೇಲೂ ಉದುರಿತು.

ನಿರೂಪಣೆ ಮಾಡುತ್ತಿದ್ದ ಕನ್ನಡ ಉಪನ್ಯಾಸಕರು ತಲೆಬಗ್ಗಿಸಿ ತಮ್ಮ ಚೀಟಿ ನೋಡುತ್ತಿದ್ದರು. ವೇದಿಕೆಯಲ್ಲಿ ಏನಾಯಿತೆಂದು ನೋಡುವ ಅಭ್ಯಾಸ ಅವರಿಗೆ ಮೊದಲಿಂದಲೂ ಇಲ್ಲ. "ಈಗ ಸಾಹೇಬರ ಹೆಸರನ್ನು ಹೊತ್ತ ಏಡಿಯ ಸಮಗ್ರ ವಿವರವನ್ನು ನಮ್ಮ ಮೇಡಂ ವಾಚಿಸಲಿದ್ದಾರೆ" ಎಂದರು.

ನಾನು ಹಾಳೆ ಹಿಡಿದು ಎದ್ದೆ. ಸಾಹೇಬರು ಕೈ ಚಾಚಿ ಹಾಳೆ ಕಿತ್ತುಕೊಂಡು ಓದಿದರು. ಅವರ ಮುಖ ಆ ಊಟದ ಡಬ್ಬಿಯ ಏಡಿಯ ಬಣ್ಣಕ್ಕೆ ತಿರುಗಿತು.

"ಇದನ್ನ ಓದ್ತೀಯಾ?" ಎಂದು ಪಿಸುಗುಟ್ಟಿದರು.

"ಓದಿದ್ರೇ ಸಹಿ ಅಂದ್ರಲ್ಲ ಸಾರ್." ನಾನು ಹಾಳೆಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು ಮೈಕಿನ ಕಡೆ ತಿರುಗಿದೆ. "ಮಾನ್ಯರೇ..."

ಹಿಂದೆ ಪೆನ್ನಿನ ಮುಚ್ಚಳ ತೆಗೆದ ಸದ್ದು ಕೇಳಿತು. ತಿರುಗಿ ನೋಡಿದರೆ, ಸಾಹೇಬರು ಪೇಟದ ಮೇಲಿನ ಪುಡಿ ಪ್ರಬಂಧದ ಮೇಲೆ ಉದುರುತ್ತಿದ್ದರೂ ಲೆಕ್ಕಿಸದೆ, ಒಂದಾದ ಮೇಲೊಂದು ಪ್ರತಿ ಎಳೆದುಕೊಂಡು ಸಹಿ ಹಾಕುತ್ತಿದ್ದರು. ಕೊನೆಯ ಪ್ರತಿಯ ಸಹಿ ಮುಗಿಯುವವರೆಗೆ ಕಾದು, "ಸಾಹೇಬರಿಗೆ ನಿವೃತ್ತಿ ಜೀವನ ಸುಖಕರವಾಗಿರಲಿ" ಎಂದು ಕೈ ಮುಗಿದು ಕೂತೆ. ಆಗ ಬಿದ್ದ ಚಪ್ಪಾಳೆ ಯಾರಿಗೋ, ನಾನು ನನಗೇ ಎಂದುಕೊಂಡೆ.

ಎಲ್ಲರೂ ಊಟಕ್ಕೆ ಹೋದ ಮೇಲೆ ಪ್ರಬಂಧಗಳನ್ನು ಎತ್ತಿಕೊಳ್ಳಲು ಬಂದೆ. ನಮ್ಮ ಲ್ಯಾಬಿನ ಅಟೆಂಡರ್ ವೇದಿಕೆ ಗುಡಿಸುವುದನ್ನು ನಿಲ್ಲಿಸಿ, ನಾನು ಕುರ್ಚಿಯ ಮೇಲೆ ಮರೆತಿದ್ದ ಹಾಳೆಯನ್ನು ಬೆರಳಿಟ್ಟು ಓದುತ್ತಿದ್ದ. ಮೇಲೆ ದಪ್ಪಕ್ಷರದಲ್ಲಿ ಸಾಹೇಬರ ಹೆಸರು. ಅದರ ಕೆಳಗೆ: "ಬೆನ್ನು ಅಗಲ, ಹೊರಗೆ ಹೊಳಪು ಹೆಚ್ಚು. ಕಣ್ಣಿನ ಜಾಗದಲ್ಲಿ ಮುಚ್ಚಳ ಮಾತ್ರ ಇದೆ, ಕಣ್ಣಿಲ್ಲ. ತೂಕವಿಲ್ಲ. ಇಟ್ಟ ಕಡೆ ಕೂತಿರುತ್ತದೆ, ತಾನಾಗಿ ಕದಲುವುದಿಲ್ಲ. ಒಳಗೆ ಏನೂ ಕಂಡುಬರಲಿಲ್ಲ."

ಅವನು ಓದಿ ಮುಗಿಸಿ, ಹಾಳೆಯ ಹಿಂಬದಿ ತಿರುಗಿಸಿ ನೋಡಿದ. ಅಲ್ಲಿ ಏನೂ ಇರಲಿಲ್ಲ.

"ಸಾಹೇಬ್ರ ಬಗ್ಗೆ ಎಲ್ಲಾ ಸರ್ಯಾಗೇ ಬರ್ದಿದೀರ ಮೇಡಂ" ಎಂದ. "ಏಡಿ ವಿಷ್ಯ ಬೇರೆ ಹಾಳೇಲದಾ?"